ನ್ಯೂ ಆರ್ಲಿಯನ್ಸ್‌ನ ವಸಂತದ ಹಬ್ಬಗಳು

ಅಮೆರಿಕದ ದಕ್ಷಿಣ ತುದಿಯ ಲೂಯಿಸಿಯಾನ ರಾಜ್ಯದಲ್ಲಿ, ಮಿಸಿಸಿಪಿ ನದಿಯ ತಿರುವೊಂದರಲ್ಲಿ ಹಬ್ಬಿಕೊಂಡಿರುವ ನಗರ ನ್ಯೂ ಆರ್ಲಿಯನ್ಸ್. 1718ರಲ್ಲಿ ಫ್ರೆಂಚರು ಕಟ್ಟಿದ್ದು, ಆಮೇಲೆ ಸ್ಪೇನಿನ ಪಾಲಾಗಿ, 1803ರಲ್ಲಿ ಅಮೆರಿಕಕ್ಕೆ ಸೇರಿತು. 2020ರ ಜನಗಣತಿಯಂತೆ ಜನಸಂಖ್ಯೆ 3.84 ಲಕ್ಷ, ನಮ್ಮ ಲೆಕ್ಕದಲ್ಲಿ ದೊಡ್ಡ ಊರೇನಲ್ಲ. ಆದರೂ ಫೆಬ್ರವರಿಯಿಂದ ಮೇ ತಿಂಗಳವರೆಗೆ ಇಲ್ಲಿ ಹಬ್ಬ, ಮೆರವಣಿಗೆ, ಸಂಗೀತೋತ್ಸವಗಳು ಒಂದರ ಬೆನ್ನಿಗೊಂದು ಬರುತ್ತವೆ. ಜಗತ್ತಿನ ಮೂಲೆಮೂಲೆಯಿಂದ ಜನ ಬಂದು ಸೇರುತ್ತಾರೆ.

ಇಷ್ಟೆಲ್ಲ ಹಬ್ಬಗಳು ಇದೇ ನಾಲ್ಕು ತಿಂಗಳಲ್ಲಿ ಒತ್ತಿಕೊಳ್ಳುವುದಕ್ಕೆ ಎರಡು ಕಾರಣಗಳಿವೆ. ಒಂದು ಹವೆ. ಉತ್ತರದ ಶಿಕಾಗೋದಲ್ಲಿ ಇನ್ನೂ ಹಿಮ ಬೀಳುವ ಮಾರ್ಚ್‌ನಲ್ಲಿ ಇಲ್ಲಿ ಹಗಲಿನ ಉಷ್ಣತೆ 22 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಅಜೇಲಿಯಾ ಹೂವು ಬೀದಿಬೀದಿಗಳಲ್ಲಿ ಅರಳಿರುತ್ತದೆ. ಮೇ ಹೊತ್ತಿಗೆ ಉಷ್ಣತೆ 30ರ ಹತ್ತಿರ ಹೋಗಿ ಸೆಕೆ ಶುರುವಾಗುತ್ತದೆ. ಜೂನ್ 1ಕ್ಕೆ ಚಂಡಮಾರುತದ ಕಾಲ ಅಧಿಕೃತವಾಗಿ ಆರಂಭ. ಇನ್ನೊಂದು ಕಾರಣ ಕ್ಯಾಥೊಲಿಕ್ ಪಂಚಾಂಗ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಹೆಚ್ಚಿನವು ಪ್ರೊಟೆಸ್ಟೆಂಟ್ ಬ್ಯಾಪ್ಟಿಸ್ಟರ ನಾಡು. ಫ್ರೆಂಚರೂ ಸ್ಪೇನಿನವರೂ ಆಳಿದ ಈ ಊರಿನ ಬೇರು ಮಾತ್ರ ಕ್ಯಾಥೊಲಿಕ್. ಬೂದಿ ಬುಧವಾರ, ಅಲ್ಲಿಂದ ಶುರುವಾಗುವ ತಪಸ್ಸುಕಾಲ, ಅದರ ಕೊನೆಗೆ ಬರುವ ಪಾಸ್ಕ ಹಬ್ಬ (ಈಸ್ಟರ್) ಇವುಗಳ ಸುತ್ತಲೇ ಊರಿನ ವಸಂತ ತಿರುಗುತ್ತದೆ. ಪಾಸ್ಕ ಹಬ್ಬ ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆಯನ್ನು ನೋಡಿಕೊಂಡು ಅದರ ಮುಂದಿನ ಭಾನುವಾರಕ್ಕೆ ಬೀಳುತ್ತದೆ. ಯುಗಾದಿಯಂತೆ ಇದೂ ಚಂದ್ರನ ಲೆಕ್ಕ, ಹಾಗಾಗಿ ಪ್ರತಿ ವರ್ಷ ತಾರೀಕು ಬದಲಾಗುತ್ತದೆ.

ಪ್ರವಾಸಿ ಕೈಪಿಡಿಗಳು ಈ ಹಬ್ಬಗಳನ್ನು ಊರು ಅತಿಥಿಗಳಿಗೆಂದು ಇಟ್ಟ ಪ್ರದರ್ಶನ ಎನ್ನುವ ಧಾಟಿಯಲ್ಲಿ ಬಣ್ಣಿಸುತ್ತವೆ. ಒಳಗೆ ನೋಡಿದರೆ ಕಥೆ ಬೇರೆ. ಇವುಗಳಲ್ಲಿ ಹೆಚ್ಚಿನವನ್ನು ನಡೆಸುವುದು ಕೇರಿಯ ಸಂಘಗಳು, ಸದಸ್ಯರು ತಮ್ಮ ಜೇಬಿನಿಂದ ಹಾಕಿದ ವಂತಿಗೆಯಲ್ಲಿ. ಯಾರ ದುಡ್ಡು, ಯಾರ ಹೊಲಿಗೆ, ಯಾರ ಬೀದಿ ಎಂದು ಕೇಳಿಕೊಂಡು ಹೋದವರಿಗೆ ಈ ಊರು ಹೆಚ್ಚು ಕಾಣುತ್ತದೆ.

ಮಾರ್ಡಿ ಗ್ರಾ

ತಪಸ್ಸುಕಾಲದ ಉಪವಾಸ ಬೂದಿ ಬುಧವಾರದಿಂದ ಶುರು. ಅದರ ಹಿಂದಿನ ಮಂಗಳವಾರವೇ ಮಾರ್ಡಿ ಗ್ರಾ, ಹೊಟ್ಟೆ ತುಂಬ ತಿಂದು ಕುಣಿಯುವುದಕ್ಕೆ ಉಳಿದ ಕೊನೆಯ ದಿನ. ಪಾಸ್ಕ ಹಬ್ಬಕ್ಕೆ 47 ದಿನ ಮೊದಲು ಬರುವ ಇದು ಫೆಬ್ರವರಿ 3ರಿಂದ ಮಾರ್ಚ್ 9ರ ನಡುವೆ ಎಲ್ಲಿ ಬೇಕಾದರೂ ಬೀಳಬಹುದು. ಈ ದಿನಕ್ಕೆ ಮುಗಿಯುವ ಕಾರ್ನಿವಲ್‌ನ ಋತು ಜನವರಿ 6ಕ್ಕೇ ತೆರೆದುಕೊಳ್ಳುತ್ತದೆ. ಅಂದಿನಿಂದ ಬೇಕರಿಗಳಲ್ಲಿ ಕಿಂಗ್ ಕೇಕ್: ಬಳೆಯಾಕಾರ, ಮೇಲೆ ನೇರಳೆ, ಹಸಿರು, ಹೊಂಬಣ್ಣದ ಸಕ್ಕರೆ. ಒಳಗೆ ಅಡಗಿಸಲು ಜೊತೆಗೊಂದು ಪುಟ್ಟ ಪ್ಲಾಸ್ಟಿಕ್ ಮಗು. ಯಾರ ತುಂಡಿನಲ್ಲಿ ಮಗು ಸಿಗುತ್ತದೋ ಮುಂದಿನ ಕೇಕ್ ಅವರ ಲೆಕ್ಕಕ್ಕೆ. ಕಚೇರಿಗಳಲ್ಲಿ ಈ ಸರಪಳಿ ವಾರಗಟ್ಟಲೆ ನಡೆಯುತ್ತದೆ.

ಮೆರವಣಿಗೆ ಹೊರಡಿಸುವ ಸಂಘಗಳಿಗೆ ಇಲ್ಲಿ ‘ಕ್ರೂ’ ಎನ್ನುತ್ತಾರೆ. ಬಂಡಿಗಳನ್ನು ಕಟ್ಟಿ, ಒಂದು ವಸ್ತುವಿನ ಸುತ್ತ ಸಜ್ಜುಗೊಳಿಸಿ ಮೆರವಣಿಗೆ ತೆಗೆಯುವ ಪದ್ಧತಿಯನ್ನು 1857ರಲ್ಲಿ ಆರಂಭಿಸಿದ್ದು ಕೋಮಸ್ ಎಂಬ ಕ್ರೂ. 1872ರಲ್ಲಿ ರಷ್ಯದ ರಾಜಕುಮಾರ ಅಲೆಕ್ಸಿಸ್ ಬಂದ ವರ್ಷವೇ ರೆಕ್ಸ್ ಹುಟ್ಟಿತು; ಹಬ್ಬದ ಮೂರು ಬಣ್ಣಗಳು ರೆಕ್ಸ್ ಕೊಟ್ಟವು. ಇವೆರಡೂ ಊರಿನ ಸಿರಿವಂತ ಬಿಳಿಯರ ಕೂಟಗಳು. ಕರಿಯ ಕಾರ್ಮಿಕರ ನಡುವಿನಿಂದ 1909ರಲ್ಲಿ ಜುಲು ಬಂತು, ರೆಕ್ಸ್ ರಾಜನ ಗತ್ತನ್ನು ಅಣಕಿಸುತ್ತ. 1949ರಲ್ಲಿ ಜುಲುವಿನ ರಾಜನಾಗಿ ಮೆರೆದವರು ಈ ಊರಿನ ಮಗ, ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್. ಜುಲು ಬಂಡಿಯಿಂದ ಸಿಗುವ ಬಣ್ಣ ಬಳಿದ ತೆಂಗಿನಕಾಯಿಗೆ ಎಲ್ಲಿಲ್ಲದ ಬೇಡಿಕೆ. ಮೊದಲೆಲ್ಲ ಅದನ್ನು ಎಸೆಯುತ್ತಿದ್ದರು; ತಲೆಗೆ ಬಿದ್ದವರು ನ್ಯಾಯಾಲಯಕ್ಕೆ ಹೋದರು, ವಿಮೆ ಕಂಪನಿಗಳು ಕೈ ಎತ್ತಿದವು. ಕೊನೆಗೆ 1988ರಲ್ಲಿ ರಾಜ್ಯವೇ ಒಂದು ಕಾಯ್ದೆ ತಂದು, ಕೈಗೆ ಕೊಟ್ಟ ತೆಂಗಿನಕಾಯಿಗೆ ಸಂಘವನ್ನು ಹೊಣೆ ಮಾಡುವಂತಿಲ್ಲ ಎಂದಿತು. ತೆಂಗಿನಕಾಯಿಗಾಗಿ ಶಾಸನ ಮಾಡಿದ ಗೌರವ ಕರಾವಳಿಯವರಿಗಲ್ಲ, ಲೂಯಿಸಿಯಾನದವರಿಗೆ ಸಂದಿದೆ.

ಈ ಸಂಘಗಳ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. 1990ರ ದಶಕದ ಆರಂಭದಲ್ಲಿ, ಬಣ್ಣ ನೋಡಿ ಸದಸ್ಯತ್ವ ನಿರಾಕರಿಸುವ ಕ್ರೂಗಳಿಗೆ ಬೀದಿಯಲ್ಲಿ ಮೆರವಣಿಗೆಯ ಅನುಮತಿ ಇಲ್ಲ ಎಂಬ ನಿಯಮವನ್ನು ನಗರಸಭೆಯ ಸದಸ್ಯೆ ಡೊರೊಥಿ ಮೇ ಟೇಲರ್ ಮುಂದಿಟ್ಟರು. ಊರು ಎರಡು ಹೋಳಾಯಿತು. ಕೋಮಸ್, ಮೋಮಸ್ ಮತ್ತು ಪ್ರೋಟಿಯಸ್ ಬೀದಿಗಿಳಿಯುವುದನ್ನೇ ನಿಲ್ಲಿಸಿದವು. ಪ್ರೋಟಿಯಸ್ ಮಾತ್ರ 2000ದಲ್ಲಿ ಮರಳಿತು. ಅವು ಹೋದದ್ದರಿಂದ ಹಬ್ಬವೇನೂ ಬಡವಾಗಲಿಲ್ಲ. ಅದೇ ದಶಕದಲ್ಲಿ ಆರ್ಫಿಯಸ್ ಹುಟ್ಟಿತು. ಹೆಂಗಸರದೇ ಆದ ಮ್ಯೂಸಸ್ 2001ರಲ್ಲಿ ಮೊದಲ ಸಲ ಬೀದಿಗಿಳಿಯಿತು. ಮ್ಯೂಸಸ್‌ನ ಸದಸ್ಯೆಯರು ಹಳೆಯ ಹೈಹೀಲ್ಡ್ ಚಪ್ಪಲಿಗಳಿಗೆ ಮಿಂಚು, ಗರಿ ಅಂಟಿಸಿ ಕೈಯಾರೆ ಅಲಂಕರಿಸಿ ಹಂಚುತ್ತಾರೆ. ಒಂದು ಸಿಕ್ಕಿದರೆ ಮನೆಯ ಶೋಕೇಸಿಗೆ ಹೋಗುತ್ತದೆ. ಇತ್ತೀಚೆಗೆ ದಕ್ಷಿಣ ಏಷ್ಯಾ ಮೂಲದವರ ‘ಕ್ರೂ ದ ಭಾನ್ ಗ್ರಾ’ ಕೂಡ ಕುಣಿಯುತ್ತ ಮೆರವಣಿಗೆಗೆ ಸೇರಿಕೊಂಡಿದೆ.

ಮೆರವಣಿಗೆಗಳ ಮುಖ್ಯ ದಾರಿ ಸೇಂಟ್ ಚಾರ್ಲ್ಸ್ ಅವೆನ್ಯೂ. ಇಕ್ಕೆಲದ ಓಕ್ ಮರಗಳ ಕೊಂಬೆಗಳಲ್ಲಿ ಹಿಂದಿನ ವರ್ಷಗಳ ಮಣಿಸರಗಳು ಇನ್ನೂ ಜೋತಾಡುತ್ತಿರುತ್ತವೆ. ಮಕ್ಕಳಿರುವ ಮನೆಯವರು ಮರದ ಏಣಿಯ ತುದಿಗೆ ಪೆಟ್ಟಿಗೆಯಂಥ ಆಸನ ಜಡಿದು ತಂದು ನಿಲ್ಲಿಸುತ್ತಾರೆ. ಮಗು ಮೇಲೆ ಕುಳಿತರೆ ಅಪ್ಪ ಹಿಂದಿನ ಮೆಟ್ಟಿಲಲ್ಲಿ ನಿಂತು ಹಿಡಿದುಕೊಳ್ಳಬೇಕು. ರಾತ್ರಿಯ ಮೆರವಣಿಗೆಗಳಲ್ಲಿ ಬಂಡಿಗಳ ನಡುವೆ ದೀವಟಿಗೆಯವರು ಬರುತ್ತಾರೆ. ವಿದ್ಯುತ್ ಇಲ್ಲದ ಕಾಲದಲ್ಲಿ ಈ ಕೆಲಸ ಕರಿಯರ ಪಾಲಿಗೆ ಬಿದ್ದಿತ್ತು. ಉರಿಯುವ ಚೌಕಟ್ಟನ್ನು ತಿರುಗಿಸುತ್ತ ಕುಣಿಯುವ ಅವರಿಗೆ ಜನ ಇಂದೂ ಚಿಲ್ಲರೆ, ನೋಟು ಕೊಡುತ್ತಾರೆ. ಹಿಂದಿನ ಹೀನಾಯ ಚಾಕರಿಯೋ ಇಂದಿನ ಹೆಮ್ಮೆಯ ಕಲೆಯೋ ಎಂಬ ವಾದ ಊರಿನಲ್ಲಿ ಮುಗಿದಿಲ್ಲ.

ಬಂಡಿಯ ಮೇಲೆ ಕಂಪನಿಗಳ ಜಾಹೀರಾತು ಹಾಕುವಂತಿಲ್ಲ ಎಂಬುದು ನಗರದ ಕಟ್ಟಳೆ. ಮೇಲಿಂದ ಎಸೆಯುವ ಮಣಿಸರ, ಲೋಟ, ನಾಣ್ಯಗಳನ್ನೆಲ್ಲ ಬಂಡಿಯಲ್ಲಿ ನಿಂತವರೇ ಕೊಂಡು ತಂದಿರಬೇಕು. ನಮ್ಮ ಮೈಸೂರು ದಸರೆಗೆ ಸರ್ಕಾರ ಅನುದಾನ ಕೊಡುತ್ತದೆ. ಇಲ್ಲಿ ನಗರಾಡಳಿತದ ಪಾಲು ಪೊಲೀಸು ಮತ್ತು ಪೊರಕೆ. ಹೀಗೆ ಎಸೆಯುವವರ ಔದಾರ್ಯಕ್ಕೂ ಬೆಲೆ ಇದೆ. 2018ರಲ್ಲಿ ಸೇಂಟ್ ಚಾರ್ಲ್ಸ್ ರಸ್ತೆಯ ಐದೇ ಬ್ಲಾಕುಗಳ ಚರಂಡಿ ಗುಂಡಿಗಳಿಂದ 93,000 ಪೌಂಡ್, ಅಂದರೆ ಸುಮಾರು 42 ಟನ್ ಮಣಿಸರ ಹೊರಬಂತು. ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿ ಅರ್ಧ ಊರಿರುವ, ಮಳೆನೀರನ್ನು ಪಂಪು ಹಾಕಿ ಹೊರಕ್ಕೆಸೆಯಬೇಕಾದ ನಗರದಲ್ಲಿ ಚರಂಡಿ ಕಟ್ಟಿಕೊಳ್ಳುವುದೆಂದರೆ ನಗೆಯ ಮಾತಲ್ಲ. ಚೀನಾದ ಪ್ಲಾಸ್ಟಿಕ್ ಮಣಿಯ ಬದಲು ಉಪಯೋಗಕ್ಕೆ ಬರುವ ವಸ್ತುಗಳನ್ನು ಎಸೆಯೋಣ ಎನ್ನುವ ಕ್ರೂಗಳು ಈಗ ಹೆಚ್ಚುತ್ತಿವೆ.

ಮಂಗಳವಾರ ಮಧ್ಯರಾತ್ರಿ ಕುದುರೆ ಪೊಲೀಸರು ಫ್ರೆಂಚ್ ಕ್ವಾರ್ಟರ್ ಎಂಬ ಹಳೆಯ ಕೇರಿಯ ಬರ್ಬನ್ ಸ್ಟ್ರೀಟಿನ ಉದ್ದಕ್ಕೂ ಸಾಲಾಗಿ ನಡೆದು ಹಬ್ಬ ಮುಗಿಯಿತೆಂದು ಜನರನ್ನು ಕದಲಿಸುತ್ತಾರೆ. ಬೆಳಗಾದರೆ ಹಣೆಯ ಮೇಲೆ ಬೂದಿಯ ಶಿಲುಬೆ.

2005ರ ಆಗಸ್ಟ್ 29ರಂದು ಕತ್ರೀನಾ ಚಂಡಮಾರುತ ಬಡಿದು, ತಡೆಗೋಡೆಗಳು ಒಡೆದು ಊರಿನ ಸುಮಾರು ಶೇ. 80 ಭಾಗ ಮುಳುಗಿತು. ಆರು ತಿಂಗಳಲ್ಲೇ ಬಂದ ಮಾರ್ಡಿ ಗ್ರಾ ಬೇಕೇ ಎಂಬ ಜಗಳ ಜೋರಾಗಿಯೇ ನಡೆಯಿತು, ಹಬ್ಬ ನಡೆಯಿತು. 2021ರಲ್ಲಿ ಕೋವಿಡ್‌ನಿಂದ ಮೆರವಣಿಗೆ ರದ್ದಾದಾಗ ಜನ ತಮ್ಮ ತಮ್ಮ ಮನೆಗಳನ್ನೇ ಮೆರವಣಿಗೆಯ ಬಂಡಿಗಳಂತೆ ಸಿಂಗರಿಸಿದರು. ಕೆಲಸವಿಲ್ಲದೆ ಕುಳಿತಿದ್ದ ಬಂಡಿ ಕಟ್ಟುವ ಕಲಾವಿದರಿಗೆ ಅದರಿಂದ ಒಂದಿಷ್ಟು ಸಂಬಳವೂ ಹುಟ್ಟಿತು.

ಸಂತ ಜೋಸೆಫರ ಹಬ್ಬ

ಮಾರ್ಚ್ 17ರ ಆಸುಪಾಸಿನಲ್ಲಿ ಐರಿಶ್ ಚಾನೆಲ್ ಎಂಬ ಕೇರಿಯಲ್ಲಿ ಸಂತ ಪ್ಯಾಟ್ರಿಕ್‌ನ ಮೆರವಣಿಗೆ. ಬಂಡಿಗಳಿಂದ ಎಲೆಕೋಸು, ಕ್ಯಾರೆಟ್, ಆಲೂಗಡ್ಡೆ ಬೀಳುತ್ತವೆ. ಚೀಲ ಒಯ್ದರೆ ವಾರದ ತರಕಾರಿ ಆಯಿತು.

ಎರಡು ದಿನ ಬಿಟ್ಟು, ಮಾರ್ಚ್ 19ಕ್ಕೆ, ಸಿಸಿಲಿಯವರ ಸರದಿ. 19ನೆಯ ಶತಮಾನದ ಕೊನೆಯಲ್ಲಿ ಇಟಲಿಯ ಸಿಸಿಲಿ ದ್ವೀಪದಿಂದ ಸಾವಿರಾರು ಜನ ಈ ಬಂದರಿಗೆ ಬಂದಿಳಿದರು. ಬರಗಾಲದಲ್ಲಿ ತಮ್ಮನ್ನು ಕಾಪಾಡಿದ್ದು ಸಂತ ಜೋಸೆಫರು ಎಂಬ ನಂಬಿಕೆಯಿಂದ ಅವರು ಚರ್ಚುಗಳಲ್ಲೂ ಮನೆಗಳಲ್ಲೂ ಮೂರು ಅಂತಸ್ತಿನ ಪೀಠ ಕಟ್ಟಿ ತಿಂಡಿತೀರ್ಥ ಜೋಡಿಸುತ್ತಾರೆ. ತಪಸ್ಸುಕಾಲವಾದ್ದರಿಂದ ಮಾಂಸವಿಲ್ಲ. ಮೀನು, ತುಂಬಿದ ಆರ್ಟಿಚೋಕ್, ಅಂಜೂರದ ಬಿಸ್ಕತ್ತು; ಬಡಗಿಯ ಗರಗಸ, ಸುತ್ತಿಗೆ, ಏಣಿಯ ಆಕಾರದಲ್ಲಿ ಬೇಯಿಸಿದ ರೊಟ್ಟಿ. ಪಾಸ್ತಾದ ಮೇಲೆ ಹುರಿದ ರೊಟ್ಟಿಪುಡಿ ಉದುರಿಸುತ್ತಾರೆ. ಅದು ಬಡಗಿಯಾಗಿದ್ದ ಜೋಸೆಫರ ಕೆಲಸದ ಮನೆಯ ಮರದ ಹೊಟ್ಟಿನ ಸಂಕೇತ. ಬಂದವರಿಗೆಲ್ಲ ಊಟ ಹಾಕುತ್ತಾರೆ, ಯಾವ ಮತದವನೆಂದು ಕೇಳುವುದಿಲ್ಲ, ದುಡ್ಡು ಕೇಳುವುದಿಲ್ಲ. ಇಷ್ಟಬಂದಷ್ಟು ಕಾಣಿಕೆ ಹಾಕಿದರೆ ಅದು ಬಡವರಿಗೆ ಹೋಗುತ್ತದೆ. ಹೊರಡುವಾಗ ಕೈಗೊಂದು ಒಣಗಿದ ಫಾವಾ ಅವರೆಕಾಳು. ಅದನ್ನು ಪರ್ಸಿನಲ್ಲಿಟ್ಟುಕೊಂಡರೆ ದುಡ್ಡಿಗೆ ತೊಂದರೆ ಬಾರದು ಎನ್ನುತ್ತಾರೆ. ಯಾವ ಪೀಠ ಎಲ್ಲಿದೆ ಎಂಬ ಪಟ್ಟಿ ಸ್ಥಳೀಯ ಪತ್ರಿಕೆಗಳಲ್ಲಿ ಬರುತ್ತದೆ. ದೊಡ್ಡ ಉತ್ಸವಗಳಿಗೆಂದೇ ಬಂದವರು ಹೆಚ್ಚಾಗಿ ಇದನ್ನು ತಪ್ಪಿಸಿಕೊಳ್ಳುತ್ತಾರೆ. ಇಡೀ ಋತುವಿನಲ್ಲಿ ಇದಕ್ಕಿಂತ ಆತ್ಮೀಯವಾದ ದಿನ ಇನ್ನೊಂದು ಸಿಗಲಾರದು.

ಸೂಪರ್ ಸಂಡೆ

ಅದೇ ಸಂತ ಜೋಸೆಫರ ರಾತ್ರಿ ಊರಿನ ಇನ್ನೊಂದು ಭಾಗದಲ್ಲಿ, ಕರಿಯರ ಕೇರಿಗಳಲ್ಲಿ, ‘ಮಾರ್ಡಿ ಗ್ರಾ ಇಂಡಿಯನ್ನರು’ ಹೊರಬರುತ್ತಾರೆ. ಇವರು ಅಮೆರಿಕದ ಮೂಲನಿವಾಸಿಗಳಲ್ಲ, ಅವರ ವೇಷ ಧರಿಸುವ ಕರಿಯರು. ಈಗ ಹಲವರು ತಮ್ಮನ್ನು ‘ಬ್ಲ್ಯಾಕ್ ಮಾಸ್ಕಿಂಗ್ ಇಂಡಿಯನ್ಸ್’ ಎಂದು ಕರೆದುಕೊಳ್ಳುತ್ತಾರೆ. ತಪ್ಪಿಸಿಕೊಂಡು ಓಡಿದ ಗುಲಾಮರಿಗೆ ಮೂಲನಿವಾಸಿಗಳು ಆಸರೆ ಕೊಟ್ಟರು, ಆ ಋಣ ತೀರಿಸಲು ಈ ವೇಷ ಎಂಬುದು ಅವರ ಹಿರಿಯರ ಮಾತು. 1884–85ರಲ್ಲಿ ಮೂಲನಿವಾಸಿಗಳನ್ನೂ ಕರೆದುಕೊಂಡು ಊರಿಗೆ ಬಂದಿದ್ದ ಬಫಲೊ ಬಿಲ್‌ನ ‘ವೈಲ್ಡ್ ವೆಸ್ಟ್’ ಪ್ರದರ್ಶನದ ಪ್ರಭಾವ ಎಂದು ಕೆಲವು ಇತಿಹಾಸಕಾರರು ಹೇಳುತ್ತಾರೆ. ಕುಣಿತ, ತಮಟೆ, ಪ್ರಶ್ನೋತ್ತರದ ಹಾಡಿನಲ್ಲಿ ಪಶ್ಚಿಮ ಆಫ್ರಿಕಾದ ಛಾಯೆ ಕಾಣುವವರೂ ಇದ್ದಾರೆ. ಒಂದನ್ನು ಒಪ್ಪಿದರೆ ಮತ್ತೊಂದನ್ನು ಬಿಡಬೇಕೆಂದೇನಿಲ್ಲ.

ಪ್ರತಿ ತಂಡಕ್ಕೂ ಒಬ್ಬ ‘ಬಿಗ್ ಚೀಫ್’. ಎಷ್ಟೋ ಮುಂದೆ, ಬೀದಿ ತಿರುವುಗಳನ್ನು ನೋಡುತ್ತ, ‘ಸ್ಪೈ ಬಾಯ್’ ನಡೆಯುತ್ತಾನೆ. ಎದುರು ತಂಡ ಕಂಡರೆ ಅವನು ‘ಫ್ಲ್ಯಾಗ್ ಬಾಯ್’ಗೆ ಸನ್ನೆ ಮಾಡುತ್ತಾನೆ, ಅವನಿಂದ ಸುದ್ದಿ ಚೀಫನಿಗೆ. ‘ವೈಲ್ಡ್ ಮ್ಯಾನ್’ ಕೊಂಬಿನ ಕಿರೀಟ ತೊಟ್ಟು ಜನರನ್ನು ಸರಿಸಿ ದಾರಿ ಮಾಡುತ್ತಾನೆ. ಹಿಂದೆ ಇಂಥ ಮುಖಾಮುಖಿಗಳು ಚಾಕು ಚೂರಿಯಲ್ಲಿ ಮುಗಿಯುತ್ತಿದ್ದವು. ಹೊಡೆದಾಟವನ್ನು ಬಿಟ್ಟು ಹೊಲಿಗೆಯಲ್ಲಿ ಸ್ಪರ್ಧಿಸಿ ಎಂದು ತಿರುಗಿಸಿದವರಲ್ಲಿ ಮುಖ್ಯರು ಯೆಲ್ಲೋ ಪೊಕಹಾಂಟಸ್ ತಂಡದ ಅಲಿಸನ್ ‘ಟೂಟಿ’ ಮೊಂಟಾನಾ. ಐವತ್ತಕ್ಕೂ ಹೆಚ್ಚು ವರ್ಷ ವೇಷ ಕಟ್ಟಿದ ಅವರು, 2005ರ ಜೂನ್‌ನಲ್ಲಿ, ಸಂತ ಜೋಸೆಫರ ರಾತ್ರಿ ಪೊಲೀಸರು ನಡೆಸಿದ ದೌರ್ಜನ್ಯದ ಬಗ್ಗೆ ನಗರಸಭೆಯಲ್ಲಿ ಮಾತಾಡುತ್ತಿರುವಾಗಲೇ ಕುಸಿದು ತೀರಿಕೊಂಡರು.

ಉಡುಗೆಯ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು. ಕ್ಯಾನ್ವಾಸ್ ಬಟ್ಟೆಯ ಮೇಲೆ ಚಿತ್ರ ಬರೆದು, ಸಾಸಿವೆಯಷ್ಟು ಸಣ್ಣ ಮಣಿಗಳನ್ನು ಸೂಜಿಯಿಂದ ಒಂದೊಂದಾಗಿ ಪೋಣಿಸಿ ಕೂರಿಸುತ್ತಾರೆ. ಬೇಟೆ, ಯುದ್ಧ, ಪೂರ್ವಜರ ಮುಖ ಹೀಗೆ ಎದೆಯ ಮೇಲೊಂದು ಕಥೆಯೇ ಇರುತ್ತದೆ. ಸುತ್ತ ಉಷ್ಟ್ರಪಕ್ಷಿಯ ಗರಿ, ಬೆನ್ನಿಂದ ತಲೆಯ ಮೇಲಕ್ಕೆ ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ಕಿರೀಟ. ಕೆಲವು ಉಡುಗೆಗಳು 45 ಕಿಲೋ ದಾಟುತ್ತವೆ. ಹೊಲಿಯುವವರು ಕಟ್ಟಡದ ಕೂಲಿ, ಗಾರೆ ಕೆಲಸ, ಲಾರಿ ಓಡಿಸುವವರು. ಸಂಜೆ ಮನೆಗೆ ಬಂದು ಅಡುಗೆಮನೆಯ ಮೇಜಿನ ಮೇಲೆ ಸೂಜಿ ಹಿಡಿಯುತ್ತಾರೆ, ಮಕ್ಕಳೂ ಕೂರುತ್ತಾರೆ. ಒಂದು ಉಡುಗೆಗೆ ಹತ್ತಿರ ಹತ್ತಿರ ಇಡೀ ವರ್ಷ, ಸಾವಿರಾರು ಡಾಲರ್. ಈ ವರ್ಷದ್ದನ್ನು ಮುಂದಿನ ವರ್ಷ ತೊಡುವಂತಿಲ್ಲ. ಬಿಚ್ಚಿ, ಹೊಸ ಬಣ್ಣದಲ್ಲಿ ಮತ್ತೆ ಆರಂಭ.

ಮಾರ್ಡಿ ಗ್ರಾ ದಿನ ಮತ್ತು ಸಂತ ಜೋಸೆಫರ ರಾತ್ರಿ ಈ ತಂಡಗಳು ಯಾವ ಬೀದಿಗೆ ಎಷ್ಟು ಹೊತ್ತಿಗೆ ಬರುತ್ತವೆಂದು ಯಾರೂ ಪ್ರಕಟಿಸುವುದಿಲ್ಲ. ಹೊರಗಿನವರು ಹಗಲು ಬೆಳಕಿನಲ್ಲಿ ನಿಶ್ಚಿಂತೆಯಿಂದ ನೋಡಬಹುದಾದದ್ದು ಸೂಪರ್ ಸಂಡೆ. ಮಾರ್ಚ್ 19ರ ಸಮೀಪದ ಭಾನುವಾರ, ಸೆಂಟ್ರಲ್ ಸಿಟಿ ಭಾಗದ ಎ.ಎಲ್. ಡೇವಿಸ್ ಪಾರ್ಕಿನಿಂದ ಮಧ್ಯಾಹ್ನ ಹೊರಡುತ್ತದೆ. ಮಳೆ ಬಂದರೆ ಮುಂದಿನ ವಾರಕ್ಕೆ, ಏಕೆಂದರೆ ಒದ್ದೆಯಾದ ಗರಿಗೆ ಬೆಲೆಯಿಲ್ಲ. ಫೋಟೋ ತೆಗೆಯುವ ಮುನ್ನ ಕೇಳುವುದು ಮರ್ಯಾದೆ. ತಮ್ಮ ಚಿತ್ರಗಳನ್ನು ಮಾರಿ ಬೇರೆಯವರು ದುಡ್ಡು ಮಾಡಿಕೊಂಡರೆಂಬ ಸಿಟ್ಟು ಈ ತಂಡಗಳಲ್ಲಿದೆ; ಕೆಲವರು ಉಡುಗೆಯನ್ನು ಶಿಲ್ಪವೆಂದು ಕೃತಿಸ್ವಾಮ್ಯಕ್ಕೆ ನೋಂದಾಯಿಸಿದ್ದೂ ಉಂಟು.

ಟ್ರೆಮೆ ಎಂಬ ಹಳೆಯ ಕೇರಿಯಲ್ಲಿ ಇವರ ಉಡುಗೆಗಳನ್ನು ಕೂಡಿಟ್ಟ ಬ್ಯಾಕ್‌ಸ್ಟ್ರೀಟ್ ಕಲ್ಚರಲ್ ಮ್ಯೂಸಿಯಂ ಇದೆ. ಇದೇ ಟ್ರೆಮೆಯಲ್ಲಿ 19ನೆಯ ಶತಮಾನದ ಕೊನೆಗೆ ಬಂಗಾಳದ ಹೂಗ್ಲಿ ಜಿಲ್ಲೆಯ ಮುಸ್ಲಿಂ ವ್ಯಾಪಾರಿಗಳು ಬಂದು ನೆಲೆಸಿ, ಚಿಕನ್ ಕಸೂತಿ ಬಟ್ಟೆ ಮಾರುತ್ತಿದ್ದರು. ಹಲವರು ಕರಿಯ ಮನೆತನಗಳಲ್ಲಿ ಮದುವೆಯಾಗಿ ಅಲ್ಲೇ ಬೆರೆತುಹೋದರು.

ಮಾರ್ಚ್ ಕೊನೆ, ಏಪ್ರಿಲ್: ನಾಟಕ, ಓಟ, ಬೀದಿಯ ಸಂಗೀತ

ನಾಟಕಕಾರ ಟೆನೆಸಿ ವಿಲಿಯಮ್ಸ್ ಹೆಸರಿನ ಮಾರ್ಚ್ ಕೊನೆಯ ಸಾಹಿತ್ಯೋತ್ಸವ 1980ರ ದಶಕದಿಂದ ನಡೆದುಬಂದಿದೆ. ಅವರ 1947ರ ‘ಎ ಸ್ಟ್ರೀಟ್‌ಕಾರ್ ನೇಮ್ಡ್ ಡಿಸೈರ್’ ನಾಟಕ ಈ ಊರಿನದೇ ಕಥೆ. ಉತ್ಸವದ ಮುಕ್ತಾಯಕ್ಕೆ ಜಾಕ್ಸನ್ ಚೌಕದಲ್ಲಿ, ಆ ನಾಟಕದ ಗಂಡನ ಹಾಗೆ ಹೆಂಡತಿಯ ಹೆಸರು ಹಿಡಿದು ಅಂಗಿ ಹರಿದುಕೊಂಡು ಕಿರುಚುವ ಸ್ಪರ್ಧೆ. ಬಾಲ್ಕನಿಯಲ್ಲಿ ನಿಂತವರು ಕೇಳಿಸಿಕೊಳ್ಳುತ್ತಾರೆ. ಸಾಹಿತ್ಯೋತ್ಸವಗಳು ಹೀಗೂ ಮುಗಿಯಬಹುದು. ಪಾಸ್ಕ ಹಬ್ಬದ ಮುನ್ನಾದಿನ ಶನಿವಾರ ಹತ್ತು ಕಿಲೋಮೀಟರ್ ಓಟ ಕ್ರೆಸೆಂಟ್ ಸಿಟಿ ಕ್ಲಾಸಿಕ್.

ಏಪ್ರಿಲ್ ನಡುವಿನ ಫ್ರೆಂಚ್ ಕ್ವಾರ್ಟರ್ ಫೆಸ್ಟಿವಲ್ 1984ರಲ್ಲಿ ಆರಂಭವಾದಾಗ ಪ್ರವಾಸಿಗರಿಗಾಗಿ ಮಾಡಿದ್ದೇ ಅಲ್ಲ. ಅದೇ ವರ್ಷದ ವಿಶ್ವಮೇಳಕ್ಕೆಂದು ರಸ್ತೆಗಳನ್ನೆಲ್ಲ ಅಗೆದು ಹಾಕಿದ್ದರಿಂದ ಬೇಸತ್ತು ದೂರವಾಗಿದ್ದ ಊರಿನವರನ್ನೇ ಫ್ರೆಂಚ್ ಕ್ವಾರ್ಟರಿಗೆ ಮತ್ತೆ ಕರೆತರುವುದು ಉದ್ದೇಶ. ಇಂದಿಗೂ ಪ್ರವೇಶ ಉಚಿತ, ಹಾಡುವವರು ಬಹುಮಟ್ಟಿಗೆ ಸ್ಥಳೀಯರು. ನದಿಯ ದಂಡೆಯ ವೋಲ್ಡನ್‌ಬರ್ಗ್ ಪಾರ್ಕಿನಿಂದ ಒಳಗಿನ ಗಲ್ಲಿಗಳವರೆಗೆ ಇಪ್ಪತ್ತಕ್ಕೂ ಹೆಚ್ಚು ವೇದಿಕೆ. ಫ್ರೆಂಚ್ ಎಂದು ಹೆಸರಾದರೂ ಇಲ್ಲಿನ ಕಬ್ಬಿಣದ ಕಟಕಟೆ, ಒಳಅಂಗಳದ ಕಟ್ಟಡಗಳು 1788 ಮತ್ತು 1794ರ ಬೆಂಕಿ ಅನಾಹುತಗಳ ನಂತರ ಎದ್ದವು. ಅವುಗಳಲ್ಲಿ ಸ್ಪೇನಿನ ಆಳ್ವಿಕೆಯ ಕೈವಾಡ ಹೆಚ್ಚು. ಒಂದೇ ಉತ್ಸವಕ್ಕೆ ಸಮಯ ಇದೆ ಎನ್ನುವವರಿಗೆ, ಖರ್ಚು ಮತ್ತು ಗದ್ದಲ ಎರಡನ್ನೂ ತೂಗಿ ನೋಡಿದರೆ, ಇದೇ ವಾಸಿ.

ಜಾಝ್ ಫೆಸ್ಟ್

ಏಪ್ರಿಲ್ ಕೊನೆಯ ಮತ್ತು ಮೇ ಮೊದಲ ವಾರಾಂತ್ಯಗಳಲ್ಲಿ ನಡೆಯುವ ನ್ಯೂ ಆರ್ಲಿಯನ್ಸ್ ಜಾಝ್ ಅಂಡ್ ಹೆರಿಟೇಜ್ ಫೆಸ್ಟಿವಲ್ ಊರಿನ ಅತಿ ದೊಡ್ಡ ಸಂಗೀತ ಮೇಳ. ನ್ಯೂಪೋರ್ಟ್ ಜಾಝ್ ಉತ್ಸವ ಕಟ್ಟಿದ್ದ ಜಾರ್ಜ್ ವೈನ್ ಅವರನ್ನು ಇಲ್ಲೂ ಒಂದು ಉತ್ಸವ ಮಾಡಿಕೊಡಿ ಎಂದು ಇಲ್ಲಿನವರು 1962ರಲ್ಲೇ ಕೇಳಿದ್ದರು. ಆದರೆ ಬಿಳಿಯರೂ ಕರಿಯರೂ ಒಂದೇ ವೇದಿಕೆಯಲ್ಲಿ ನುಡಿಸುವಂತಿಲ್ಲ, ಒಂದೇ ಹೋಟೆಲಿನಲ್ಲಿ ಉಳಿಯುವಂತಿಲ್ಲ ಎಂಬ ಕಾನೂನು ಇದ್ದ ಊರಿನಲ್ಲಿ ಜಾಝ್ ಉತ್ಸವ ಹೇಗೆ ಸಾಧ್ಯ? ಮೊದಲ ಉತ್ಸವ ನಡೆಯುವ ಹೊತ್ತಿಗೆ 1970 ಆಗಿತ್ತು. ಜಾಗ ಕಾಂಗೋ ಸ್ಕ್ವೇರ್, ಗುಲಾಮಗಿರಿಯ ಕಾಲದಲ್ಲಿ ಭಾನುವಾರಗಳಂದು ಆಫ್ರಿಕನ್ನರು ಸೇರಿ ನಗಾರಿ ಬಾರಿಸಿ ಕುಣಿಯಲು ಅನುಮತಿ ಇದ್ದ ಬಯಲು. ಪ್ರೇಕ್ಷಕರು ಸುಮಾರು 350 ಮಂದಿ; ಅವರಿಗಿಂತ ಕಲಾವಿದರೇ ಹೆಚ್ಚು. ಇದೇ ಊರಿನಲ್ಲಿ ಹುಟ್ಟಿ ಜಗದ್ವಿಖ್ಯಾತರಾಗಿದ್ದ ಗಾಸ್ಪೆಲ್ ಗಾಯಕಿ ಮಹೇಲಿಯಾ ಜಾಕ್ಸನ್ ಮೈದಾನಕ್ಕೆ ಬಂದವರು ಯುರೇಕಾ ಬ್ರಾಸ್ ಬ್ಯಾಂಡಿನ ಜೊತೆ ಅಲ್ಲೇ ದನಿ ಎತ್ತಿದರು. ಜಾಝ್ ಸಂಯೋಜಕ ಡ್ಯೂಕ್ ಎಲಿಂಗ್ಟನ್ ಈ ಸಂದರ್ಭಕ್ಕೆಂದೇ ‘ನ್ಯೂ ಆರ್ಲಿಯನ್ಸ್ ಸ್ವೀಟ್’ ಸಂಯೋಜಿಸಿದ್ದರು.

1972ರಲ್ಲಿ ಮೇಳ ಫೇರ್ ಗ್ರೌಂಡ್ಸ್ ಎಂಬ ಕುದುರೆ ಜೂಜಿನ ಮೈದಾನಕ್ಕೆ ಹೋಯಿತು, ಈಗಲೂ ಅಲ್ಲೇ. ಹತ್ತಾರು ವೇದಿಕೆಗಳಲ್ಲಿ ಬೆಳಿಗ್ಗೆ ಹನ್ನೊಂದರಿಂದ ಸಂಜೆ ಏಳರವರೆಗೆ ಜಾಝ್, ಬ್ಲೂಸ್, ಲೂಯಿಸಿಯಾನದ್ದೇ ಆದ ಕೇಜನ್ ಮತ್ತು ಝೈಡಿಕೊ, ರಾಕ್. 2006ರಲ್ಲಿ, ಮುಳುಗಿದ ಊರು ಇನ್ನೂ ಒಣಗುತ್ತಿದ್ದಾಗ, ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಇಲ್ಲಿ ಹಾಡಿದ್ದನ್ನು ಊರಿನವರು ಈಗಲೂ ನೆನೆಯುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ದಿನದ ಟಿಕೆಟ್ ನೂರು ಡಾಲರ್ ಸಮೀಪಕ್ಕೆ ಹೋಗಿ, ದೊಡ್ಡ ಹೆಸರಿನ ರಾಕ್ ತಂಡಗಳು ಮುಂದೆ ಬಂದು, ಊರಿನ ಬಡವರಿಗೆ ಇದು ಕೈಗೆಟುಕುತ್ತಿಲ್ಲ ಎಂಬ ದೂರಿದೆ. ದೂರು ಸುಳ್ಳಲ್ಲ. ಆದರೂ ಗಾಸ್ಪೆಲ್ ಡೇರೆಯಲ್ಲಿ ಬೆಳಿಗ್ಗೆ ಹೋಗಿ ಕೂತರೆ ಶಾಲೆಗಳ, ಚರ್ಚುಗಳ ಗಾಯಕ ವೃಂದಗಳು ಸರದಿಯಂತೆ ಬರುತ್ತವೆ. ಹೆಸರಿಲ್ಲದ ಹುಡುಗಿಯೊಬ್ಬಳು ಮೈಕಿನ ಮುಂದೆ ನಿಂತು ಡೇರೆಯನ್ನೇ ಎಬ್ಬಿಸಿ ನಿಲ್ಲಿಸುತ್ತಾಳೆ. ಮೇಳ ನಡೆಸುವ ಪ್ರತಿಷ್ಠಾನ ಲಾಭದ ಹಣವನ್ನು ಸಂಗೀತ ಶಾಲೆಗೆ, ಕೇರಿಯ ಹಬ್ಬಗಳಿಗೆ ಹಾಕುತ್ತದೆ. ಊರಿನ ಸಂಗೀತವನ್ನೇ ಪ್ರಸಾರ ಮಾಡುವ ಡಬ್ಲ್ಯುಡಬ್ಲ್ಯುಒಝಡ್ ರೇಡಿಯೊ ಕೂಡ ಅದರದೇ. ಸುತ್ತಲಿನ ಮನೆಯವರು ಅಂಗಳದಲ್ಲಿ ಪಾರ್ಕಿಂಗ್ ಬಾಡಿಗೆಗೆ ಬಿಟ್ಟು, ಐಸ್ ಪೆಟ್ಟಿಗೆಯಲ್ಲಿ ನೀರು, ಬಿಯರ್ ಮಾರಿ ನಾಲ್ಕು ಕಾಸು ನೋಡುತ್ತಾರೆ. ಮಳೆ ಸುರಿದರೆ ಮೈದಾನ ಕೆಸರುಗದ್ದೆ. ತಿಳಿದವರು ಸಿಗಡಿ ಹಿಡಿಯುವವರ ಬಿಳಿ ರಬ್ಬರ್ ಬೂಟು ತೊಟ್ಟೇ ಬರುತ್ತಾರೆ.

ಊಟ

ವಸಂತದ ತಿನಿಸೆಂದರೆ ಕ್ರಾಫಿಶ್, ಸಿಹಿನೀರಿನಲ್ಲಿ ಬೆಳೆಯುವ ಸಿಗಡಿಯಂಥ ಜೀವಿ. ಲೂಯಿಸಿಯಾನದ ನೈಋತ್ಯದಲ್ಲಿ ಭತ್ತ ಕೊಯ್ದ ಗದ್ದೆಗೆ ನೀರು ನಿಲ್ಲಿಸಿ ಇದನ್ನು ಬೆಳೆಸುತ್ತಾರೆ. ಮಾರ್ಚ್‌ನಿಂದ ಮೇ ತನಕ ಸುಗ್ಗಿ. ದೊಡ್ಡ ಹಂಡೆಯಲ್ಲಿ ಮೆಣಸಿನಪುಡಿ, ಬೆಳ್ಳುಳ್ಳಿ, ನಿಂಬೆ, ಜೋಳದ ತೆನೆ, ಆಲೂಗಡ್ಡೆಯ ಜೊತೆ ಬೇಯಿಸಿ, ಪತ್ರಿಕೆ ಹಾಸಿದ ಮೇಜಿನ ಮೇಲೆ ಸುರಿಯುತ್ತಾರೆ. ತಟ್ಟೆಯಿಲ್ಲ. ತಲೆಯನ್ನು ತಿರುಚಿ ಬಿಡಿಸಿ ರಸ ಹೀರಿ, ಬಾಲದ ಸಿಪ್ಪೆ ಸುಲಿದು ತಿನ್ನುವುದು. ಖಾರ ನಮ್ಮವರಿಗೂ ಸಾಕೆನಿಸುವಷ್ಟು. 2023ರ ಬರದಿಂದ ಗದ್ದೆಗಳು ಒಣಗಿ 2024ರ ವಸಂತದಲ್ಲಿ ಕ್ರಾಫಿಶ್ ಬೆಲೆ ಗಗನಕ್ಕೇರಿ, ರಾಜ್ಯಪಾಲರು ವಿಪತ್ತು ಘೋಷಿಸಬೇಕಾಯಿತು. ಸಸ್ಯಾಹಾರಿಗಳು ಇಲ್ಲಿ ಸ್ವಲ್ಪ ಕೇಳಿಯೇ ತಿನ್ನಬೇಕು. ಸೋಮವಾರಗಳಂದು ಊರಿನವರು ರೂಢಿಯಾಗಿ ಮಾಡುವ, ನೋಡಲು ಬರೀ ರಾಜ್ಮಾ ಅನ್ನದಂತಿರುವ ಊಟದಲ್ಲೂ ಹಂದಿಮಾಂಸ ಬೆಂದಿರುತ್ತದೆ.

ಬರುವವರಿಗೆ

ಮಾರ್ಡಿ ಗ್ರಾ ಮತ್ತು ಜಾಝ್ ಫೆಸ್ಟ್ ದಿನಗಳಲ್ಲಿ ಹೋಟೆಲ್ ಬಾಡಿಗೆ ಹಲವು ಪಟ್ಟು ಏರುತ್ತದೆ. ತಿಂಗಳುಗಳ ಮೊದಲೇ ಕಾಯ್ದಿರಿಸಬೇಕು. 1835ರಿಂದ ಓಡುತ್ತಿರುವ ಸೇಂಟ್ ಚಾರ್ಲ್ಸ್ ಟ್ರಾಮು ಮೆರವಣಿಗೆಯ ಹೊತ್ತಿನಲ್ಲಿ ನಿಲ್ಲುತ್ತದೆ. ದಾರಿಯಲ್ಲಿ ಕಾರು ನಿಲ್ಲಿಸಿದರೆ ಎಳೆದೊಯ್ಯುತ್ತಾರೆ. ಶೌಚಾಲಯ ದೊಡ್ಡ ಸಮಸ್ಯೆ. ದಾರಿಯ ಚರ್ಚುಗಳು, ಶಾಲೆಗಳು ದಿನದ ಪಾಸು ಮಾರುತ್ತವೆ, ಕೊಳ್ಳುವುದು ಜಾಣತನ. ಫ್ರೆಂಚ್ ಕ್ವಾರ್ಟರಿನ ಬೀದಿಯಲ್ಲಿ ಪ್ಲಾಸ್ಟಿಕ್ ಲೋಟದಲ್ಲಿ ಮದ್ಯ ಹಿಡಿದು ನಡೆಯಬಹುದು, ಗಾಜಿನಲ್ಲಿ ಕೂಡದು. 2025ರ ಜನವರಿ 1ರಂದು ಬರ್ಬನ್ ಸ್ಟ್ರೀಟಿನಲ್ಲಿ ದಾಳಿಕೋರನೊಬ್ಬ ಜನರ ಮೇಲೆ ವಾಹನ ನುಗ್ಗಿಸಿ 14 ಜನರನ್ನು ಕೊಂದ ಮೇಲೆ ತಪಾಸಣೆ ಬಿಗಿಯಾಗಿದೆ.

ಹೆಚ್ಚಿನ ಭಾನುವಾರಗಳಂದು ಕೇರಿಯ ಸಂಘಗಳು ಬ್ರಾಸ್ ಬ್ಯಾಂಡ್ ಕಟ್ಟಿಕೊಂಡು ನಾಲ್ಕು ತಾಸು ಬೀದಿ ಸುತ್ತುವ ‘ಸೆಕೆಂಡ್ ಲೈನ್’ ನಡೆಯುತ್ತದೆ. ಮುಂದೆ ಸಂಘದವರು ಬಣ್ಣದ ಸೂಟು, ಗರಿಯ ಬೀಸಣಿಗೆಯಲ್ಲಿ. ಹಿಂದೆ ಕುಣಿಯುತ್ತ ಯಾರು ಬೇಕಾದರೂ ಸೇರಬಹುದು. ಸತ್ತವರನ್ನು ಸಾಗಿಸಲು, ಕಾಯಿಲೆಗೆ ನೆರವಾಗಲು ಕರಿಯರು ಕಟ್ಟಿಕೊಂಡ ಪರಸ್ಪರ ಸಹಾಯ ಸಂಘಗಳಿಂದ ಬಂದ ಪದ್ಧತಿ ಇದು. ಟಿಕೆಟ್ ಇಲ್ಲ.

ಮೇ ನಡುವಿಗೆ ಬಂದವರು ಇನ್ನೊಂದು ವಿಚಿತ್ರವನ್ನೂ ನೋಡಬೇಕಾಗುತ್ತದೆ. ಎರಡನೆಯ ಮಹಾಯುದ್ಧದ ನಂತರ ಪೂರ್ವ ಏಷ್ಯಾದಿಂದ ಹಡಗಿನ ಸರಕಿನೊಂದಿಗೆ ಬಂದ ಫಾರ್ಮೋಸಾ ಗೆದ್ದಲು ಸಂಜೆಯ ಸೆಕೆಯಲ್ಲಿ ರೆಕ್ಕೆ ಬಂದು ಲಕ್ಷಗಟ್ಟಲೆ ಏಳುತ್ತದೆ. ನಮ್ಮಲ್ಲಿ ಮೊದಲ ಮಳೆಗೆ ಮಳೆಹುಳು ಬಂದಾಗ ಮಾಡುವಂತೆಯೇ ಅಲ್ಲಿಯವರೂ ದೀಪ ಆರಿಸಿ ಕೂರುತ್ತಾರೆ. ಹೋಟೆಲುಗಳ ಹೊರಾಂಗಣದ ಮೇಜುಗಳೂ ಆಗ ಕತ್ತಲೆ. ಆಮೇಲೆ ಬಿಸಿಲು ಏರಿ, ಬಾಡಿಗೆ ಇಳಿದು, ಜೂನ್‌ನಲ್ಲಿ ಸೆಕೆಂಡ್ ಲೈನ್‌ಗಳೂ ನಿಂತು ಆಗಸ್ಟ್ ಕೊನೆಯವರೆಗೆ ಬೀದಿಗಳು ಖಾಲಿ. ಮುಂದಿನ ಮಾರ್ಡಿ ಗ್ರಾಗಳು 2027ರಲ್ಲಿ ಫೆಬ್ರವರಿ 9ಕ್ಕೆ, 2028ರಲ್ಲಿ ಅಧಿಕ ದಿನವಾದ ಫೆಬ್ರವರಿ 29ಕ್ಕೆ ಬೀಳುತ್ತವೆ.